ಕಾವಲು ಬಿಡಾರಕ್ಕೆ ಸಣ್ಣ ಸೌರ ಫಲಕ: ಮೊದಲು ಮಳೆಗಾಲದ ಲೆಕ್ಕ

(ಉಪನ್ಯಾಸದ ಪಾಠ)



ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಹೊತ್ತು ಮುಳುಗಿದೊಡನೆ ಕೃಷಿಕನ ಕೆಲಸ ಮುಗಿಯುವುದಿಲ್ಲ. ಬೈಲಿನ ಗದ್ದೆಯಲ್ಲಿ ತೆನೆ ಹಾಲುಗಟ್ಟುವಾಗ ಹಂದಿಯ ಕಾವಲು ಇದೆ. ಕಾಡಂಚಿನ ತೋಟದಲ್ಲಿ ಬಾಳೆ ಗೊನೆ ಹಾಕಿದಾಗ, ಹಲಸು ಹಣ್ಣಾದಾಗ ಆನೆಯ ಕಾವಲು ಇದೆ. ರಬ್ಬರು ತೋಟದಲ್ಲಿ ಬೆಳಕು ಹರಿಯುವ ಮೊದಲೇ ಟ್ಯಾಪಿಂಗ್ ಆರಂಭವಾಗುತ್ತದೆ. ರಬ್ಬರು ಮರ ಎಲೆ ಉದುರಿಸಿ ಹೊಸದಾಗಿ ಚಿಗುರುವ ಜನವರಿಯಿಂದ ಮಾರ್ಚ್‌ವರೆಗಿನ ದಿನಗಳಲ್ಲಿ ಜೇನು ಕೃಷಿಕರು ತೊಡುವೆ ಜೇನಿನ ಪೆಟ್ಟಿಗೆಗಳನ್ನು ಅಲ್ಲಿಗೆ ಸಾಗಿಸಿ ಬಿಡಾರ ಹೂಡುತ್ತಾರೆ. ಈ ಎಲ್ಲ ಕಡೆಗಳಲ್ಲಿಯೂ ಬೆಳಕು ಬೇಕು. ಆದರೆ ವಿದ್ಯುತ್ ತಂತಿ ಅಲ್ಲಿಗೆ ಬಂದಿರುವುದಿಲ್ಲ.

ಹಿಂದೆ ಈ ಕೆಲಸಕ್ಕೆ ಸೂಟೆ, ಲಾಟೀನು, ಗ್ಯಾಸ್‌ಲೈಟುಗಳಿದ್ದವು. ಅನಂತರ ಸೆಲ್ ಹಾಕುವ ಟಾರ್ಚು ಬಂತು. ಈಗ ತಲೆಗೆ ಕಟ್ಟುವ ಟಾರ್ಚು, ಎಲ್‌ಇಡಿ ದೀಪ, ಮೊಬೈಲು ಎಲ್ಲವೂ ಚಾರ್ಜು ಮಾಡುವಂಥವು. ಚಾರ್ಜು ಮಾಡಲು ಕಂಕುಳಲ್ಲಿ ಇಟ್ಟುಕೊಂಡು ಒಯ್ಯಬಹುದಾದ 5 ವಾಟಿನಿಂದ 50 ವಾಟಿನವರೆಗಿನ ಸಣ್ಣ ಸೌರ ಫಲಕಗಳು ಪೇಟೆಯಲ್ಲಿ ದೊರೆಯುತ್ತವೆ. ಕರಾವಳಿಯ ಕೃಷಿಕರಿಗೆ ಸೌರದೀಪ ಹೊಸತಲ್ಲ. 1995ರಲ್ಲಿ ಆರಂಭವಾದ ಬೆಂಗಳೂರಿನ ಸೆಲ್ಕೋ ಸಂಸ್ಥೆಯು ಬ್ಯಾಂಕ್ ಸಾಲದ ನೆರವಿನೊಡನೆ ಹಳ್ಳಿಮನೆಗಳಿಗೆ ಸೌರದೀಪ ತಲುಪಿಸುವ ಕ್ರಮವನ್ನು ಬಳಕೆಗೆ ತಂದಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂದಿತು.

ಆದರೆ ಮನೆಯ ಮಾಡಿನ ಮೇಲೆ ಶಾಶ್ವತವಾಗಿ ಕೂರಿಸಿದ ಫಲಕ ಬೇರೆ, ಬಿಡಾರಕ್ಕೆ ಹೊತ್ತೊಯ್ಯುವ ಫಲಕ ಬೇರೆ. ಫೆಬ್ರವರಿಯಲ್ಲಿ ಕೊಂಡ ಸಣ್ಣ ಫಲಕ ಮೇ ತಿಂಗಳವರೆಗೆ ಚೆನ್ನಾಗಿ ಕೆಲಸ ಮಾಡಿ, ಜುಲೈಯಲ್ಲಿ ಕೈಕೊಟ್ಟರೆ ಕೃಷಿಕ ಫಲಕವನ್ನು ದೂರುತ್ತಾನೆ. ದೋಷವಿರುವುದು ಹೆಚ್ಚಾಗಿ ಫಲಕದಲ್ಲಲ್ಲ, ಕೊಳ್ಳುವಾಗ ಹಾಕಿದ ಲೆಕ್ಕದಲ್ಲಿ. ಈ ಮೂರು ತಾಲ್ಲೂಕುಗಳಲ್ಲಿ ಸೌರ ಫಲಕವನ್ನು ಬೇಸಗೆಯ ಬಿಸಿಲು ನೋಡಿ ಕೊಳ್ಳಬಾರದು. ಮಳೆಗಾಲದ ಮೋಡ ಮತ್ತು ಅಡಿಕೆ ಸೋಗೆಯ ನೆರಳು, ಇವೆರಡನ್ನೂ ನೋಡಿ ಕೊಳ್ಳಬೇಕು.

ಬೆಳಕು ಕೈಕೊಟ್ಟರೆ ಏನಾಗುತ್ತದೆ?

2023ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಅದೇ ವರ್ಷ ಏಪ್ರಿಲ್‌ನಲ್ಲಿ ಸುಳ್ಯ ತಾಲ್ಲೂಕಿನ ಅಜ್ಜಾವರದಲ್ಲಿ ಕಾಡಾನೆಗಳು ತೋಟದ ಕೆರೆಗೆ ಬಿದ್ದು, ಅವುಗಳನ್ನು ಮೇಲೆ ಹತ್ತಿಸಬೇಕಾಯಿತು. ಮಂಡೆಕೋಲು, ಆಲೆಟ್ಟಿ ಕಡೆಯವರಿಗೂ ಕೊಂಬಾರು, ಸಿರಿಬಾಗಿಲು ಕಡೆಯವರಿಗೂ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ತೋಟದ ಕಾಲುದಾರಿಯಲ್ಲಿ ಹಾವಿನ ಭಯವಂತೂ ಇದ್ದೇ ಇದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಟಾರ್ಚು ಆನೆಯನ್ನು ಓಡಿಸುವ ಆಯುಧವಲ್ಲ. ಬೆಳಕು ಬಿಟ್ಟು ಆನೆಯನ್ನು ಕೆಣಕುವುದು ಅಪಾಯ. ದಾರಿ ಕಾಣಲು, ದೂರದಿಂದಲೇ ಆನೆ ಇರುವುದನ್ನು ತಿಳಿದು ಹಿಂದೆ ಸರಿಯಲು, ಮೊಬೈಲಿನಲ್ಲಿ ನೆರೆಯವರಿಗೂ ಅರಣ್ಯ ಇಲಾಖೆಯವರಿಗೂ ಸುದ್ದಿ ಮುಟ್ಟಿಸಲು ಬೆಳಕೂ ಚಾರ್ಜೂ ಬೇಕು. ನಡುರಾತ್ರಿ ಟಾರ್ಚು ಮಂಕಾಗುವುದೂ ಮೊಬೈಲು ಆರಿಹೋಗುವುದೂ ಆ ಹೊತ್ತಿನಲ್ಲಿ ಸಣ್ಣ ಸಂಗತಿಯಲ್ಲ.

ಇನ್ನೊಂದು ವಿಷಯ. ಹಲಸಿನ ವಾಸನೆಗೆ ಆನೆ ಬರುವುದು ಮೇಯಿಂದ ಜುಲೈವರೆಗೆ ಹೆಚ್ಚು. ಗಾಳಿಮಳೆಗೆ ಮರ ಬಿದ್ದು ಮನೆಯ ಕರೆಂಟು ಹೋಗುವುದೂ ಜೂನ್, ಜುಲೈಯಲ್ಲಿ. ಬಿಸಿಲು ತೀರ ಕಡಮೆಯಾಗುವುದೂ ಅದೇ ತಿಂಗಳುಗಳಲ್ಲಿ. ಬೆಳಕಿನ ಅಗತ್ಯ ಹೆಚ್ಚಾದ ಕಾಲ ಮತ್ತು ಬಿಸಿಲು ಕಡಮೆಯಾದ ಕಾಲ ಇಲ್ಲಿ ಒಂದೇ ಆಗಿರುವುದರಿಂದಲೇ ಲೆಕ್ಕದ ಮಾತು ಬರುತ್ತದೆ.

ಫಲಕದ ಮೇಲೆ ಬರೆದ ವಾಟ್ ಎಂದರೇನು?

ಫಲಕದ ಹಿಂಬದಿಯಲ್ಲಿ 20 ವಾಟ್ ಎಂದು ಬರೆದಿದ್ದರೆ, ಒಂದು ಚದರ ಮೀಟರಿಗೆ 1,000 ವಾಟಿನಷ್ಟು ಪ್ರಖರ ಬೆಳಕು ನೇರವಾಗಿ ಬಿದ್ದಾಗ, ಫಲಕದ ಬಿಲ್ಲೆಗಳು 25 ಡಿಗ್ರಿ ಸೆಲ್ಸಿಯಸ್‌ನಷ್ಟೇ ಬಿಸಿ ಇದ್ದಾಗ ಅದು 20 ವಾಟ್ ಕೊಡುತ್ತದೆ ಎಂದರ್ಥ. ಇದು ಕಾರ್ಖಾನೆಯ ಪರೀಕ್ಷೆಯ ಅಳತೆ. ಅಂಗಳದ ಬಿಸಿಲಿನಲ್ಲಿ ಫಲಕವು 60 ಡಿಗ್ರಿಯವರೆಗೂ ಕಾಯುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಉತ್ಪಾದನೆ ತಗ್ಗುವುದರಿಂದ, ಕಾದ ಫಲಕದಲ್ಲಿ ಶೇಕಡಾ 14ರಷ್ಟು ನಷ್ಟ ಅಲ್ಲಿಯೇ ಆಗುತ್ತದೆ. ಆದುದರಿಂದ ಫಲಕವನ್ನು ನೆಲಕ್ಕೆ ಅಥವಾ ತಗಡಿಗೆ ಅಂಟಿಸಿ ಇಡದೆ, ಕೆಳಗೆ ಗಾಳಿಯಾಡುವಂತೆ ನಾಲ್ಕು ಬೆರಳು ಎತ್ತರಿಸಿ ಇಡಬೇಕು.

ಅಂಗಡಿಯಲ್ಲಿ ಮೋಸ ಹೋಗದಿರಲು ಒಂದು ಸುಲಭ ಸೂತ್ರವಿದೆ. ಒಳ್ಳೆಯ ಫಲಕವಾದರೂ ಒಂದು ಚದರ ಅಡಿ ಜಾಗದಿಂದ ಸುಮಾರು 20 ವಾಟಿಗಿಂತ ಹೆಚ್ಚು ಹುಟ್ಟುವುದಿಲ್ಲ. ಒಂದೂವರೆ ಚದರ ಅಡಿಯ ಫಲಕಕ್ಕೆ 100 ವಾಟ್ ಎಂದು ಬರೆದಿದ್ದರೆ ನಂಬಬಾರದು. ಬೆನ್ನಿಗೆ ಅಂಗೈ ಅಗಲದ ಫಲಕ ಅಂಟಿಸಿದ ಪವರ್‌ಬ್ಯಾಂಕುಗಳೂ ಹೀಗೆಯೇ. ಆ ಫಲಕ ಒಂದೂವರೆ ವಾಟಿನಷ್ಟು ಕೊಟ್ಟರೆ ಹೆಚ್ಚು. 10,000 ಮಿಲಿ ಆಂಪಿಯರ್-ಗಂಟೆಯ ಪವರ್‌ಬ್ಯಾಂಕಿನಲ್ಲಿ 37 ವಾಟ್-ಗಂಟೆ ಹಿಡಿಯುತ್ತದೆ. ಬರೇ ಬಿಸಿಲಿನಿಂದ ಅದು ತುಂಬಲು ಒಳ್ಳೆಯ ಬೇಸಗೆಯಲ್ಲಿಯೂ ಒಂದು ವಾರ ಬೇಕು.

12 ವೋಲ್ಟ್ ಬ್ಯಾಟರಿಗೆಂದು ಮಾರುವ ಫಲಕದಲ್ಲಿ ಸಾಮಾನ್ಯವಾಗಿ 36 ಬಿಲ್ಲೆಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಮಲ್ಟಿಮೀಟರ್ ಹಿಡಿದರೆ, ಏನನ್ನೂ ಜೋಡಿಸದ ಫಲಕ 20ರಿಂದ 22 ವೋಲ್ಟ್ ತೋರಿಸಬೇಕು. 20 ವಾಟಿನ ಫಲಕ ಒಂದು ಆಂಪಿಯರಿಗಿಂತ ತುಸು ಹೆಚ್ಚು ಕರೆಂಟು ಕೊಡಬೇಕು. ಕೊಳ್ಳುವ ಮೊದಲು ಅಂಗಡಿಯ ಎದುರಿನ ಬಿಸಿಲಿನಲ್ಲಿಯೇ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಒಂದು ಸೋಗೆಯ ನೆರಳು

ಬಿಲ್ಲೆಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಹರಿವು ತಗ್ಗುತ್ತದೆ. ತೋಟದ ತೋಡಿನಲ್ಲಿ ಒಂದು ಕಡೆ ಕಲ್ಲು ಅಡ್ಡ ಬಿದ್ದರೆ ಕೆಳಗಿನ ಸಾಲಿಗೆಲ್ಲ ನೀರು ಕಡಮೆಯಾಗುವಂತೆ ಇದು. ಫಲಕದ ಹತ್ತರಲ್ಲೊಂದು ಭಾಗ ನೆರಳಾದರೆ ಹತ್ತರಲ್ಲೊಂದು ಪಾಲು ಮಾತ್ರ ನಷ್ಟ ಎಂದು ತಿಳಿಯಬಾರದು. ಒಂದು ಸೋಗೆಯ ನೆರಳು ಅರ್ಧಕ್ಕಿಂತ ಹೆಚ್ಚನ್ನು ನುಂಗಬಹುದು.

ಅಡಿಕೆ ತೋಟದೊಳಗೆ ನೆಲಕ್ಕೆ ಬೀಳುವ ಬಿಸಿಲು ಚುಕ್ಕಿ ಚುಕ್ಕಿಯಾಗಿರುತ್ತದೆ. ಅಲ್ಲಿ ಫಲಕ ಇಟ್ಟು ಪ್ರಯೋಜನವಿಲ್ಲ. ಅಂಗಳ, ಗುಡ್ಡೆಯ ಬೋಳು ನೆತ್ತಿ, ಗದ್ದೆಯ ಹುಣಿ, ಕೆರೆಯ ದಂಡೆ ಇಂಥ ಕಡೆ ಇಡಬೇಕು. ಬೆಳಗ್ಗೆ 9ರಿಂದ ಸಂಜೆ 3ರವರೆಗೆ ನೆರಳು ತಾಗದ ಜಾಗವನ್ನು ಒಂದು ದಿನ ನಿಂತು ನೋಡಿಯೇ ಆರಿಸಬೇಕು. ಹೊತ್ತೊಯ್ಯುವ ಫಲಕದ ಲಾಭವೇ ಇದು: ನೆರಳು ಬಂದಾಗ ಅದನ್ನು ಎತ್ತಿ ಬಿಸಿಲಿಗೆ ಇಡಬಹುದು.

ಮೂರು ತಾಲ್ಲೂಕುಗಳ ಬಿಸಿಲು

ಪುತ್ತೂರು, ಸುಳ್ಯ, ಕಡಬ ಮೂರೂ ಉತ್ತರ ಅಕ್ಷಾಂಶದ ಹನ್ನೆರಡೂವರೆಯಿಂದ ಹದಿಮೂರು ಡಿಗ್ರಿಯೊಳಗೆ ಇವೆ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಫಲಕದ ಮುಖ ದಕ್ಷಿಣಕ್ಕಿರಬೇಕು. ನೆಲದಿಂದ 15 ಡಿಗ್ರಿಯಷ್ಟು ಇಳಿಜಾರು ಸಾಕು. ಡಿಸೆಂಬರ್, ಜನವರಿಯಲ್ಲಿ ಇನ್ನೂ ತುಸು ಹೆಚ್ಚಿಸಬಹುದು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರದಲ್ಲಿರುತ್ತಾನೆ. ಆಗ ಫಲಕವನ್ನು ಹೆಚ್ಚುಕಡಮೆ ಮಟ್ಟಸವಾಗಿ, ಮಳೆನೀರು ಜಾರಿಹೋಗುವಷ್ಟೇ ಇಳಿಜಾರು ಕೊಟ್ಟು ಇಡಬೇಕು.

ದಿನದ ಬಿಸಿಲನ್ನೆಲ್ಲ ಒಟ್ಟುಗೂಡಿಸಿ, ಪೂರ್ಣ ಪ್ರಖರ ಬಿಸಿಲಿನ ಗಂಟೆಗಳಿಗೆ ಸಮನಾಗಿಸಿ ಹೇಳುವುದು ವಾಡಿಕೆ. ಬಯಲು ಜಾಗದಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಇಂಥ 5ರಿಂದ 6 ಗಂಟೆ ದೊರೆಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅದು ಸರಾಸರಿ 3 ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಆದರೆ ಸರಾಸರಿಯನ್ನು ನಂಬಿ ಕೂರುವಂತಿಲ್ಲ. ಹಗಲಿಡೀ ಮಳೆ ಹೊಡೆಯುವ ದಿನ ಒಂದು ಗಂಟೆಯಷ್ಟೂ ದೊರೆಯದು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಅಂಥ ದಿನಗಳು ಒಂದರ ಹಿಂದೆ ಒಂದು ಬರುತ್ತವೆ.

ಒಂದು ರಾತ್ರಿಯ ಲೆಕ್ಕ

ಒಬ್ಬ ಕೃಷಿಕನ ಕಾವಲು ಬಿಡಾರವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ತಲೆಗೆ ಕಟ್ಟುವ 3 ವಾಟಿನ ಟಾರ್ಚು ಒಟ್ಟು 4 ಗಂಟೆ ಉರಿದರೆ 12 ವಾಟ್-ಗಂಟೆ. ಬಿಡಾರದ 3 ವಾಟಿನ ಎಲ್‌ಇಡಿ ದೀಪ 6 ಗಂಟೆ ಉರಿದರೆ 18 ವಾಟ್-ಗಂಟೆ. ಒಂದು ಮೊಬೈಲು ತುಂಬಲು 18 ವಾಟ್-ಗಂಟೆ. ಒಟ್ಟು 48 ವಾಟ್-ಗಂಟೆ.

ಫಲಕದ ಬಿಸಿ, ತಂತಿ, ನಿಯಂತ್ರಕ, ಬ್ಯಾಟರಿ ಇವುಗಳಲ್ಲಿ ಎಲ್ಲ ಸೇರಿ ಮೂರರಲ್ಲೊಂದು ಪಾಲು ಸೋರಿಹೋಗುತ್ತದೆಂದು ಹಿಡಿಯಬೇಕು. ಆದುದರಿಂದ 48 ಕೈಗೆ ಬರಲು ಫಲಕವು 72 ವಾಟ್-ಗಂಟೆ ದುಡಿಯಬೇಕು. ಇದನ್ನು ದೊರೆಯುವ ಬಿಸಿಲಿನ ಗಂಟೆಗಳಿಂದ ಭಾಗಿಸಿದರೆ ಬೇಕಾದ ಫಲಕದ ವಾಟ್ ಸಿಗುತ್ತದೆ:

ಬೇಸಗೆ, ಬಯಲು ಜಾಗ, 5 ಗಂಟೆ: 15 ವಾಟ್ ಸಾಕು, 20 ವಾಟಿನದು ನಿಶ್ಚಿಂತೆ.
ಬೇಸಗೆ, ಸುತ್ತ ಮರಗಳಿದ್ದು 3 ಗಂಟೆ ಮಾತ್ರ ಬಿಸಿಲು: 24 ವಾಟ್.
ಮಳೆಗಾಲ, ಸುತ್ತ ಮರಗಳಿದ್ದು 2 ಗಂಟೆ: 36 ವಾಟ್, ಪೇಟೆಯಲ್ಲಿ 40 ವಾಟಿನದು.
ಎಡೆಬಿಡದ ಮಳೆ, 1 ಗಂಟೆ: 72 ವಾಟ್.

ಒಂದೇ ಬಿಡಾರ, ಒಂದೇ ಟಾರ್ಚು, ಒಂದೇ ಮೊಬೈಲು. ಆದರೂ ಜಾಗ ಮತ್ತು ಕಾಲಕ್ಕೆ ತಕ್ಕಂತೆ 15 ವಾಟಿನಿಂದ 72 ವಾಟಿನವರೆಗೆ ವ್ಯತ್ಯಾಸ. ಜೇನು ಪೆಟ್ಟಿಗೆಯೊಡನೆ ಫೆಬ್ರವರಿಯಲ್ಲಿ ಬಿಡಾರ ಹೂಡುವವರಿಗೆ 20 ವಾಟ್ ಧಾರಾಳ. ಆಗ ರಬ್ಬರು ಮರದ ನೆರಳೂ ವಿರಳವಾಗಿರುತ್ತದೆ. ಹಲಸಿನ ಕಾಲದಲ್ಲಿ ಆನೆ ಕಾಯುವವರಿಗೆ ಅದೇ 20 ವಾಟ್ ಸಾಲದು.

ಎಡೆಬಿಡದ ಮಳೆಗೆಂದು 72 ವಾಟಿನ ಫಲಕ ಕೊಂಡು ಗುಡ್ಡೆ ಹತ್ತಿಸುವುದೂ ಜಾಣತನವಲ್ಲ. 40 ವಾಟಿನ ಫಲಕ, ಎರಡು ರಾತ್ರಿಗೆ ಸಾಲುವ ಬ್ಯಾಟರಿ, ಮನೆಯಲ್ಲಿ ಕರೆಂಟು ಇದ್ದಾಗ ಅಲ್ಲಿಯೂ ತುಂಬಿಸಿಕೊಳ್ಳುವ ವ್ಯವಸ್ಥೆ, ಈ ಮೂರು ಸೇರಿದರೆ ಮಳೆಗಾಲ ದಾಟಬಹುದು.

ಯಾವ ಬ್ಯಾಟರಿ?

ಎರಡು ರಾತ್ರಿಗೆ 96 ವಾಟ್-ಗಂಟೆ ಬೇಕು. ಸೀಸ-ಆಮ್ಲದ ಮುಚ್ಚಿದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಆದುದರಿಂದ 192 ವಾಟ್-ಗಂಟೆಯದು, ಅಂದರೆ 12 ವೋಲ್ಟಿನ 16 ಆಂಪಿಯರ್-ಗಂಟೆಯದು ಬೇಕು. ಪೇಟೆಯಲ್ಲಿ 18ರದು ಸಿಗುತ್ತದೆ. ಅದು 5 ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇಕಡಾ 80ರಷ್ಟನ್ನು ಬಳಸಬಹುದು. ಅದರಲ್ಲಿ 10ರಿಂದ 12 ಆಂಪಿಯರ್-ಗಂಟೆಯದು ಸಾಕು. ಬೆಲೆ ಹೆಚ್ಚು, ಆದರೆ ತೂಕ ಕಡಮೆ, ಬಾಳಿಕೆ ಹೆಚ್ಚು. ದಿನವೂ ಹೊತ್ತೊಯ್ಯುವವರಿಗೆ ಇದು ಲೇಸು.

ಅನೇಕ ಮನೆಗಳಲ್ಲಿ ಈಗಾಗಲೇ ಒಂದು ಬ್ಯಾಟರಿ ಇದೆ. ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರಿನೊಳಗಿರುವುದು ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್-ಗಂಟೆಯ ಸೀಸ-ಆಮ್ಲದ ಬ್ಯಾಟರಿ. ಸಿಂಪರಣೆ ಇಲ್ಲದ ತಿಂಗಳುಗಳಲ್ಲಿ ಅದು ಮೂಲೆಯಲ್ಲಿ ಕೂತು, ತಾನಾಗಿ ಖಾಲಿಯಾಗಿ, ಸೀಸದ ಪಟ್ಟಿಗಳು ಗಟ್ಟಿಗಟ್ಟಿ ಕೆಡುತ್ತದೆ. 10 ವಾಟಿನ ಫಲಕದಿಂದ ನಿಯಂತ್ರಕದ ಮೂಲಕ ವಾರಕ್ಕೆ ಒಂದೆರಡು ದಿನ ಚಾರ್ಜು ಮಾಡಿದರೂ ಅದು ಉಳಿಯುತ್ತದೆ. ಒಂದು ರಾತ್ರಿಯ ಕಾವಲಿಗೂ ಒದಗುತ್ತದೆ.

ಬ್ಯಾಟರಿಯ ಸ್ಥಿತಿ ತಿಳಿಯಲು ಮಲ್ಟಿಮೀಟರ್ ಸಾಕು. ಸೀಸ-ಆಮ್ಲದ ಬ್ಯಾಟರಿಯನ್ನು ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದಾಗ 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಇಳಿದದ್ದನ್ನು ಹಾಗೆಯೇ ಇಡಬಾರದು. ಖಾಲಿ ಬ್ಯಾಟರಿಯನ್ನು ಮಳೆಗಾಲವಿಡೀ ಅಟ್ಟದಲ್ಲಿಟ್ಟರೆ ಸೆಪ್ಟೆಂಬರಿನಲ್ಲಿ ಅದು ಗುಜರಿಗೆ ಮಾತ್ರ ಯೋಗ್ಯ.

ನಿಯಂತ್ರಕವಿಲ್ಲದೆ ಜೋಡಿಸಬಾರದು

ಫಲಕದಿಂದ ಬ್ಯಾಟರಿಗೆ ನೇರವಾಗಿ ತಂತಿ ಎಳೆಯುವುದು ಸಾಮಾನ್ಯ ತಪ್ಪು. ಬಿಸಿಲಿನಲ್ಲಿ ಫಲಕದ ಒತ್ತಡ 17, 18 ವೋಲ್ಟಿಗೂ ಏರುತ್ತದೆ. 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ 14.4 ವೋಲ್ಟಿನ ಸುಮಾರಿಗೆ ತುಂಬಿದಂತೆ. ಆ ಮೇಲೆಯೂ ತುಂಬಿಸಿದರೆ ಒಳಗಿನ ನೀರು ಆರಿ ಬ್ಯಾಟರಿ ಉಬ್ಬುತ್ತದೆ. ಚಾರ್ಜು ನಿಯಂತ್ರಕವು ತುಂಬಿದಾಗ ನಿಲ್ಲಿಸುತ್ತದೆ, ತೀರ ಇಳಿದಾಗ ದೀಪವನ್ನೂ ಕಡಿಯುತ್ತದೆ. ಲಿಥಿಯಂ ಬ್ಯಾಟರಿಗೆ ಅದಕ್ಕೆಂದೇ ಇರುವ ನಿಯಂತ್ರಕ ಅಥವಾ ನಿಯಂತ್ರಕದಲ್ಲಿ ಲಿಥಿಯಂ ಎಂಬ ಆಯ್ಕೆ ಬೇಕು. ಜೋಡಿಸುವಾಗ ಮೊದಲು ಬ್ಯಾಟರಿಯನ್ನು, ಅನಂತರ ಫಲಕವನ್ನು ನಿಯಂತ್ರಕಕ್ಕೆ ಜೋಡಿಸಬೇಕು. ಬಿಚ್ಚುವಾಗ ಮೊದಲು ಫಲಕ, ಕೊನೆಗೆ ಬ್ಯಾಟರಿ.

ಬ್ಯಾಟರಿಯ ಧನ ತುದಿಯ ಹತ್ತಿರವೇ 5 ಆಂಪಿಯರಿನ ಫ್ಯೂಸ್ ಇರಲಿ. ಬಿಡಾರಕ್ಕೆ ಸೋಗೆಯ ಮಾಡು ಇದ್ದರೆ ಒಂದು ಕಿಡಿಯೂ ಅಪಾಯ. ಫಲಕ ಬಿಸಿಲಿನಲ್ಲಿಯೂ ಬ್ಯಾಟರಿ ನೆರಳಿನಲ್ಲಿಯೂ ಇರಬೇಕು. ಲಿಥಿಯಂ ಬ್ಯಾಟರಿ, ಪವರ್‌ಬ್ಯಾಂಕ್, ಮೊಬೈಲುಗಳನ್ನು ಫಲಕದ ಪಕ್ಕದಲ್ಲೇ ಬಿಸಿಲಿಗೆ ಇಟ್ಟು ಚಾರ್ಜು ಮಾಡಬಾರದು. ಅವು 45 ಡಿಗ್ರಿಗಿಂತ ಹೆಚ್ಚು ಕಾದರೆ ಕೆಡುತ್ತವೆ, ಕೆಲವೊಮ್ಮೆ ಹೊತ್ತಿಕೊಳ್ಳುವುದೂ ಉಂಟು. ಫಲಕ ಹತ್ತು ಮೀಟರು ದೂರವಿದ್ದರೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಬಳಸಬೇಕು. ತೆಳ್ಳಗಿನ 0.5ರ ತಂತಿಯಲ್ಲಿ 40 ವಾಟಿನ ಫಲಕದ ಒತ್ತಡ ಒಂದೂವರೆ ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ.

ಟ್ಯಾಪಿಂಗ್ ಮಾಡುವವರಿಗೆ

ಹೊತ್ತೇರಿದಂತೆ ರಬ್ಬರು ಹಾಲಿನ ಹರಿವು ತಗ್ಗುವುದರಿಂದ ಟ್ಯಾಪಿಂಗ್ ಕತ್ತಲಲ್ಲೇ ನಡೆಯುತ್ತದೆ. ಸುಳ್ಯ, ಪುತ್ತೂರು ಕಡೆಯ ರಬ್ಬರು ತೋಟಗಳಲ್ಲಿ 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ಕುಟುಂಬಗಳು ಈ ಕೆಲಸದಲ್ಲಿ ನೆಲೆ ಕಂಡವು. ಟ್ಯಾಪರಿಗೆ ಎರಡು ಕೈಯೂ ಬೇಕಾದುದರಿಂದ ತಲೆಗೆ ಕಟ್ಟುವ ಟಾರ್ಚೇ ಗತಿ. ಇವರಿಗೆ ದೊಡ್ಡ ಬ್ಯಾಟರಿ ಬೇಡ. 10 ವಾಟಿನ ಯುಎಸ್‌ಬಿ ಫಲಕ ಮತ್ತು ಎರಡು ಟಾರ್ಚು ಇರಲಿ. ಒಂದು ತಲೆಯ ಮೇಲಿರುವಾಗ ಇನ್ನೊಂದು ತುಂಬಿರಬೇಕು. ಕೆಲಸ ಬೇಗ ಮುಗಿದು ಹಗಲು ಮನೆಯಲ್ಲಿರುವುದರಿಂದ ಫಲಕವನ್ನು ಬಿಸಿಲಿಗೆ ಸರಿಸಿಡುವುದೂ ಇವರಿಗೆ ಸುಲಭ.

ಬೇಲಿಯ ಬ್ಯಾಟರಿಯನ್ನು ಮುಟ್ಟಬಾರದು

ಸೌರಬೇಲಿ ಹಾಕಿದವರು ಬಿಡಾರದ ದೀಪಕ್ಕೂ ಮೊಬೈಲಿಗೂ ಬೇಲಿಯ ಬ್ಯಾಟರಿಯಿಂದಲೇ ತಂತಿ ಎಳೆಯುವುದುಂಟು. ಇದು ಸರಿಯಲ್ಲ. ಬೇಲಿಯ ಫಲಕ, ಬ್ಯಾಟರಿಗಳನ್ನು ಬೇಲಿಯ ಯಂತ್ರದ ಖರ್ಚಿಗೆ ಮಾತ್ರ ಅಳೆದು ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಅದರಿಂದ ದೀಪ ಉರಿಸಿದರೆ ನಡುರಾತ್ರಿ ಬೇಲಿ ಸತ್ತಿರುತ್ತದೆ, ಕಾವಲಿನವನಿಗೆ ಅದು ಗೊತ್ತೂ ಆಗುವುದಿಲ್ಲ. ಬ್ಯಾಟರಿ ಮುಗಿಯಿತೆಂದು ಬೇಲಿಗೆ ಮನೆಯ 230 ವೋಲ್ಟಿನ ಕರೆಂಟು ಕೊಡುವುದಂತೂ ಕೊಲೆಗೆ ಸಮಾನ; ಅದು ಕಾನೂನಿನಂತೆ ಅಪರಾಧ. ಸೌರಬೇಲಿಯ ಯಂತ್ರ ಕೊಡುವುದು ಸೆಕೆಂಡಿಗೊಮ್ಮೆ, ಕ್ಷಣಾಂಶದ ಪೆಟ್ಟು. ಮನೆಯ ಕರೆಂಟು ಹಿಡಿದು ನಿಲ್ಲಿಸಿ ಕೊಲ್ಲುತ್ತದೆ. ಮನುಷ್ಯ, ದನ, ಆನೆ ಎಂಬ ಭೇದ ಅದಕ್ಕಿಲ್ಲ.

ಮಳೆಗಾಲದ ಕ್ರಮ

ಮೇ ತಿಂಗಳ ಕೊನೆಗೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಅಳೆಯಬೇಕು. ಜೂನ್‌ನಿಂದ ಟಾರ್ಚನ್ನು ಮಂದ ಬೆಳಕಿನಲ್ಲಿ ಬಳಸುವ ಅಭ್ಯಾಸ ಮಾಡಬೇಕು. ದಾರಿ ನೋಡಲು ಅಷ್ಟು ಸಾಕು. ಮೋಡವಿದ್ದರೂ ಫಲಕವನ್ನು ಹೊರಗೇ ಇಡಬೇಕು. ದಟ್ಟ ಮೋಡದಲ್ಲಿಯೂ ಹತ್ತರಲ್ಲೊಂದು ಪಾಲಿನಷ್ಟು ಬರುತ್ತದೆ. ಮನೆಯಲ್ಲಿ ಕರೆಂಟು ಬಂದಾಗಲೆಲ್ಲ ಬ್ಯಾಟರಿಯನ್ನು ಅದಕ್ಕೆ ತಕ್ಕ ಚಾರ್ಜರಿನಿಂದ ತುಂಬಿಸಿಕೊಳ್ಳಬೇಕು. ವಾರಕ್ಕೊಮ್ಮೆ ಫಲಕದ ಮೇಲಿನ ಪಾಚಿ, ಹಕ್ಕಿ ಹಿಕ್ಕೆ, ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಒಂದು ತುಂಬಿದ ಟಾರ್ಚನ್ನು ಯಾವ ಕಾರಣಕ್ಕೂ ಮುಟ್ಟದೆ ಬೇರೆಯೇ ಇಟ್ಟಿರಬೇಕು.

ಹಳೆಯ ಬ್ಯಾಟರಿಯನ್ನು ತೋಡಿಗೆ, ಬಾವಿಯ ಬದಿಗೆ ಎಸೆಯಬಾರದು. ಸೀಸವೂ ಆಮ್ಲವೂ ಕುಡಿಯುವ ನೀರಿಗೆ ವಿಷ. ಹೊಸತು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಹಿಂದಿರುಗಿಸಬಹುದು. ಅದಕ್ಕೆ ಬೆಲೆಯೂ ಸಿಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಮೊದಲು ಒಂದು ರಾತ್ರಿಯ ಖರ್ಚನ್ನು ವಾಟ್-ಗಂಟೆಯಲ್ಲಿ ಬರೆದು, ಅದರ ಒಂದೂವರೆ ಪಟ್ಟು ಫಲಕ ದುಡಿಯುವಂತೆ ಲೆಕ್ಕ ಹಾಕಬೇಕು.
2. ಬಿಡಾರದ ಜಾಗದಲ್ಲಿ ನಿಜವಾಗಿ ಎಷ್ಟು ಗಂಟೆ ಬಿಸಿಲು ಬೀಳುತ್ತದೆಂದು ನೋಡಿಯೇ ಫಲಕ ಕೊಳ್ಳಬೇಕು.
3. ಮಳೆಗಾಲದಲ್ಲಿ ಕಾವಲಿರುವವರು ಬೇಸಗೆಗೆ ಸಾಲುವ ಫಲಕದ ಎರಡರಷ್ಟಾದರೂ ದೊಡ್ಡದನ್ನು ಕೊಳ್ಳಬೇಕು. ಮನೆಯ ಕರೆಂಟನ್ನೂ ಬಳಸಬೇಕು.
4. ನಿಯಂತ್ರಕ, ಫ್ಯೂಸ್ ಇಲ್ಲದೆ ಬ್ಯಾಟರಿ ಜೋಡಿಸಬಾರದು.
5. ಬ್ಯಾಟರಿಯನ್ನು ಖಾಲಿ ಇಡಬಾರದು. ಬೇಲಿಯ ಬ್ಯಾಟರಿಯಿಂದ ದೀಪ ಉರಿಸಬಾರದು.

ವಿಸ್ತರಣಾ ಕಾರ್ಯಕರ್ತರು ಈ ಲೆಕ್ಕವನ್ನು ಗ್ರಾಮಸಭೆಗಳಲ್ಲಿ ಒಂದೊಂದು ಮನೆಯ ಅಗತ್ಯಕ್ಕೆ ತಕ್ಕಂತೆ ಹಾಕಿ ತೋರಿಸಿದರೆ ಉಪಕಾರವಾದೀತು. ಒಂದು ತುಂಡು ಕಾಗದ, ಒಂದು ಪೆನ್ಸಿಲು, ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಫಲಕ ಕೊಳ್ಳುವ ಮೊದಲು ಅರ್ಧ ಗಂಟೆ ಕುಳಿತು ಹಾಕಿದ ಈ ಲೆಕ್ಕ ಜುಲೈ ತಿಂಗಳ ರಾತ್ರಿಯಲ್ಲಿ ಕೃಷಿಕನ ಕೈಯಲ್ಲಿ ಬೆಳಕಾಗಿ ಉಳಿಯುತ್ತದೆ.